ಮಾಯಿಸಿದ ಬಿರುಕು

ಗಡಿನಾಡಿನ ಅನುದಾನಿತ ಕನ್ನಡ ಮಾಧ್ಯಮ ಪ್ರೌಢಶಾಲೆಯೊಂದರ ಆಟದ ಬಯಲಿನ ಕೆಳಬದಿಯ ಆವರಣ ಗೋಡೆಯು ಕಳೆದ ಮಳೆಗಾಲದ ಒಂದು ಭಾನುವಾರ ನಸುಕಿನಲ್ಲಿ ಕುಸಿಯಿತು. ಬಿದ್ದದ್ದು ಸುಮಾರು 12 ಮೀಟರ್ ಉದ್ದದ ಭಾಗ. ಶಾಲೆ ನಡೆಯುವ ದಿನವಾಗಿದ್ದರೆ ಅದರ ಬುಡದಲ್ಲಿ ಮಕ್ಕಳ ಸೈಕಲುಗಳು ಸಾಲಾಗಿ ನಿಂತಿರುತ್ತಿದ್ದವು. ಸೈಕಲಿನ ಬಳಿ ಮಕ್ಕಳೂ ಇರುತ್ತಿದ್ದರು. ಯಾರಿಗೂ ನೋವಾಗಲಿಲ್ಲ ಎಂಬ ಸಮಾಧಾನ ಒಂದು ವಾರ ಉಳಿಯಿತು. ಆಮೇಲೆ ಗೋಡೆಯ ಖರ್ಚನ್ನು ಯಾರು ಹೊರಬೇಕೆಂಬ ಪ್ರಶ್ನೆ ಎದ್ದಿತು. ಆ ಪ್ರಶ್ನೆಗೆ ಉತ್ತರವಾಗಿ ಮುಂದೆ ಬಂದದ್ದು ಅದೇ ಶಾಲೆಯ ವಿದ್ಯಾರ್ಥಿನಿಯೊಬ್ಬಳು ತೆಗೆದು, ತಿದ್ದಿ, ಅಂದಗೊಳಿಸಿದ ಒಂದು ಛಾಯಾಚಿತ್ರ. ಅದು ಬಂದದ್ದು ಶಾಲೆಯ ವಿರುದ್ಧ.

ಕೇರಳದ ಪ್ರೌಢಶಾಲೆಗಳಲ್ಲಿ ಓದುವ ಮಕ್ಕಳ ಮನೆಗಳಿಗೆ ‘ಲಿಟಲ್ ಕೈಟ್ಸ್’ ಹೊಸ ಹೆಸರಲ್ಲ. ರಾಜ್ಯದ ಶಾಲಾ ತಂತ್ರಜ್ಞಾನ ಸಂಸ್ಥೆಯಾದ ಕೈಟ್ 2018ರಲ್ಲಿ ಆರಂಭಿಸಿದ ಈ ಕೂಟಗಳಿಗೆ ಎಂಟನೆಯ ತರಗತಿಯ ಮಕ್ಕಳನ್ನು ಅಭಿರುಚಿ ಪರೀಕ್ಷೆಯ ಮೂಲಕ ಆಯ್ದುಕೊಳ್ಳುತ್ತಾರೆ. ಆನಿಮೇಷನ್, ಪ್ರೋಗ್ರಾಮಿಂಗ್, ಯಂತ್ರಾಂಶ, ಭಾಷಾ ಕಂಪ್ಯೂಟಿಂಗ್ ಇವುಗಳ ಜೊತೆಗೆ ಕ್ಯಾಮೆರಾ ಹಿಡಿಯುವುದನ್ನೂ ಚಿತ್ರ ಸಂಸ್ಕರಣೆಯನ್ನೂ ಅಲ್ಲಿ ಕಲಿಸುತ್ತಾರೆ. ಹೈಟೆಕ್ ಶಾಲಾ ಯೋಜನೆಯಲ್ಲಿ ಲ್ಯಾಪ್‌ಟಾಪು, ಪ್ರೊಜೆಕ್ಟರುಗಳೊಡನೆ ಬಂದ ಡಿಎಸ್ಎಲ್ಆರ್ ಕ್ಯಾಮೆರಾ ಅನೇಕ ಶಾಲೆಗಳಲ್ಲಿ ಬಹುಕಾಲ ಕಪಾಟಿನ ದೇವರಾಗಿತ್ತು. ಹೊರಗೆ ತೆಗೆದರೆ ಕೆಟ್ಟೀತೆಂಬ ಭಯ ಮಕ್ಕಳಿಗಿಂತ ದೊಡ್ಡವರಿಗೇ ಹೆಚ್ಚು. ಅದನ್ನು ಕಪಾಟಿನಿಂದ ಇಳಿಸಿ ಮಕ್ಕಳ ಕೈಗೆ ಕೊಟ್ಟ ಶಿಕ್ಷಕರಿಗೆ ಮೊದಲು ಒಂದು ಮೆಚ್ಚುಗೆ ಸಲ್ಲಬೇಕು.

ಈ ಶಾಲೆಯ ಶಿಕ್ಷಕಿ ಹಾಗೆ ಕೊಟ್ಟವರಲ್ಲಿ ಒಬ್ಬರು. ಉಪಜಿಲ್ಲಾ ಶಿಬಿರಕ್ಕೆ ಹೋದ ಮಕ್ಕಳು ಮಲಯಾಳದಲ್ಲಿ ಕೇಳಿಬಂದದ್ದನ್ನು ಮರುದಿನ ಪ್ರಯೋಗಾಲಯದಲ್ಲಿ ಕನ್ನಡದಲ್ಲಿ ಮತ್ತೊಮ್ಮೆ ಹೇಳಿಸುವುದು ಅವರ ಪದ್ಧತಿ. ತಾನು ಕಲಿತದ್ದನ್ನು ಮನೆಮಾತಿನಲ್ಲಿ ಹೇಳಲು ಬಾರದಿದ್ದರೆ ಕಲಿತದ್ದು ಅರ್ಧವೇ ಎಂಬುದು ಅವರ ನಂಬಿಕೆ. ಲೇಯರ್ ಎಂಬುದಕ್ಕೆ ಅವರು ಪುಸ್ತಕದ ಪಾರಿಭಾಷಿಕವನ್ನು ಹುಡುಕಲಿಲ್ಲ. ಪಾರದರ್ಶಕ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು, ‘ಇದು ಪದರ, ಮೇಲಿನದನ್ನು ಗೀಚಿದರೂ ಕೆಳಗಿನದು ಹಾಗೆಯೇ ಇರುತ್ತದೆ, ನೋಡಿ’ ಎಂದರು. ಅದರ ಬೆನ್ನಿಗೇ ಒಂದು ಕಟ್ಟಳೆ ಮಾಡಿದರು: ಜಿಂಪ್‌ನಲ್ಲಿ ಯಾವ ಚಿತ್ರವನ್ನು ತೆರೆದರೂ ಮೊದಲು ಪದರದ ನಕಲು ತೆಗೆಯಬೇಕು, ತಿದ್ದುವುದೆಲ್ಲ ನಕಲಿನ ಮೇಲೆ. ಮೂಲವನ್ನು ಮುಟ್ಟಿದವರಿಗೆ ಆ ವಾರ ಕ್ಯಾಮೆರಾ ಇಲ್ಲ. ಮಕ್ಕಳು ಇದನ್ನು ಟೀಚರರ ಮಡಿ ಎಂದು ತಮ್ಮೊಳಗೆ ನಗುತ್ತಿದ್ದರು.

ಅಕ್ಟೋಬರ್‌ನಲ್ಲಿ ಶಾಲಾ ಕ್ರೀಡೋತ್ಸವ ನಡೆಯಿತು. ಒಂಬತ್ತನೆಯ ತರಗತಿಯ ಆ ಹುಡುಗಿಯ ಪಾಲಿಗೆ ಬಂದದ್ದು ಉದ್ದ ಜಿಗಿತ. ಓಡುವವರನ್ನೂ ಜಿಗಿಯುವವರನ್ನೂ ಹಿಡಿಯಬೇಕಾದರೆ ಶಟರ್ ವೇಗ ಹೆಚ್ಚಿರಬೇಕು, ವೇಗ ಹೆಚ್ಚಿದಷ್ಟೂ ಒಳಬರುವ ಬೆಳಕು ಕಡಿಮೆಯಾಗುತ್ತದೆ, ಆ ಕೊರತೆಯನ್ನು ಐಎಸ್ಒ ಏರಿಸಿಯೋ ದ್ಯುತಿರಂಧ್ರ ಹಿಗ್ಗಿಸಿಯೋ ತುಂಬಬೇಕು ಎಂಬ ಲೆಕ್ಕ ಅವಳಿಗೆ ಬಾಯಿಪಾಠವಾಗಿತ್ತು. ಹಿನ್ನೆಲೆಯನ್ನು ಮಸುಕಾಗಿಸಿ ಜಿಗಿಯುವವನನ್ನು ಮಾತ್ರ ಎದ್ದುಕಾಣಿಸಬೇಕೆಂಬ ಆಸೆಯೂ ಇತ್ತು. ಆದರೆ ಶಾಲೆಯ ಕ್ಯಾಮೆರಾದಲ್ಲಿದ್ದದ್ದು ಸಾಮಾನ್ಯ ಕಿಟ್ ಲೆನ್ಸ್. ಹೊಂಡದ ಹತ್ತಿರವೇ ಕುಳಿತು 18 ಮಿಲಿಮೀಟರ್‌ನಲ್ಲಿ ತೆಗೆದದ್ದರಿಂದ ಹುಡುಗನೂ ಹಿಂದಿನ ಗೋಡೆಯೂ ಗೋಡೆಯಾಚೆಯ ಕಂಗಿನ ತಲೆಗಳೂ ಒಂದೇ ಸ್ಪಷ್ಟತೆಯಲ್ಲಿ ಮೂಡಿದವು. ಸೆಕೆಂಡಿನ 800ರಲ್ಲಿ ಒಂದು ಭಾಗದಲ್ಲಿ ಹಿಡಿದ ಆ ಚಿತ್ರದಲ್ಲಿ ಹುಡುಗನ ಎರಡು ಕಾಲುಗಳೂ ಗಾಳಿಯಲ್ಲಿವೆ, ಕೈಗಳು ಹಿಂದಕ್ಕೆ ಬೀಸಿವೆ, ಕಾಲಡಿಯಿಂದ ಚಿಮ್ಮಿದ ಹೊಯಿಗೆ ಇನ್ನೂ ಕೆಳಗೆ ಬಿದ್ದಿಲ್ಲ. ಒಳ್ಳೆಯ ಚಿತ್ರ, ಅದರಲ್ಲಿ ಎರಡು ಮಾತಿಲ್ಲ.

ಹುಡುಗನ ಬೆನ್ನ ಹಿಂದೆ, ಸುಣ್ಣ ಬಳಿದ ಕೆಂಪುಕಲ್ಲಿನ ಗೋಡೆಯಲ್ಲಿ, ಒಂದು ಬಿರುಕೂ ಇತ್ತು. ಮೇಲಿನ ವರಸೆಯಿಂದ ಆರಂಭಿಸಿ ಕಲ್ಲುಗಳ ಸಂದಿನಲ್ಲಿ ಮೆಟ್ಟಿಲಿಳಿದಂತೆ ಓರೆಯಾಗಿ ಕೆಳಗೆ ಬಂದ ಕಪ್ಪು ಗೆರೆ.

ಶಾಲೆಯ ಡಿಜಿಟಲ್ ಸಂಚಿಕೆಯ ಮುಖಪುಟಕ್ಕೆ ಈ ಚಿತ್ರವೇ ಆಗಬೇಕೆಂದು ಮಕ್ಕಳು ತೀರ್ಮಾನಿಸಿದರು. ಕಪ್ಪು ಗೆರೆ ಹುಡುಗನ ಭುಜದಿಂದ ಹೊರಟಂತೆ ಕಂಡು ಕಣ್ಣಿಗೆ ಅಡ್ಡಬರುತ್ತಿತ್ತು. ಜಿಂಪ್‌ನಲ್ಲಿ ಕ್ಲೋನ್ ಮತ್ತು ಹೀಲ್ ಎಂಬ ಎರಡು ಉಪಕರಣಗಳು ಅಕ್ಕಪಕ್ಕದಲ್ಲಿವೆ. ಒಂದರ ಗುರುತು ರಬ್ಬರ್ ಮೊಹರು, ಇನ್ನೊಂದರದು ಗಾಯಕ್ಕೆ ಅಂಟಿಸುವ ಪಟ್ಟಿ. ಮೊಹರು ಒಂದೆಡೆಯ ಬಣ್ಣವನ್ನು ಇದ್ದಂತೆಯೇ ಇನ್ನೊಂದೆಡೆ ಒತ್ತುತ್ತದೆ. ಪಟ್ಟಿ ಅಷ್ಟಕ್ಕೆ ನಿಲ್ಲದೆ ಸುತ್ತಲಿನ ನೆರಳುಬೆಳಕಿಗೆ ಹೊಂದಿಸಿ ಬೆಸೆಯುತ್ತದೆ. ಕಂಟ್ರೋಲ್ ಕೀ ಒತ್ತಿ ಗೋಡೆಯ ಒಳ್ಳೆಯ ಭಾಗವೊಂದನ್ನು ಮಾದರಿಯಾಗಿ ಆರಿಸಿ, ಬಿರುಕಿನ ಮೇಲೆ ಮೆಲ್ಲನೆ ಕೈಯಾಡಿಸಿದರೆ ಗಾಯ ಮಾಯುತ್ತದೆ. ಹುಡುಗಿ ಎರಡು ಪಿರಿಯಡ್ ಕುಳಿತು, ಕಲ್ಲಿನ ಸಂದುಗಳು ಎಲ್ಲಿಯೂ ತಪ್ಪದಂತೆ, ಮುತುವರ್ಜಿಯಿಂದ ಮಾಯಿಸಿದಳು. ಪುಟ ಜೋಡಿಸಿದ ಹುಡುಗ ಬಲ ಅಂಚಿನ ಬ್ಯಾನರನ್ನು ಕತ್ತರಿಸಿ ಚಿತ್ರವನ್ನು ಉದ್ದನೆಯ ಪುಟಕ್ಕೆ ಹೊಂದಿಸಿದ.

ಇಂತಹ ಕೆಲಸ ಮಕ್ಕಳು ಮಾತ್ರ ಮಾಡುವುದಲ್ಲ. 1982ರ ಫೆಬ್ರವರಿಯಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯು ಈಜಿಪ್ಟಿನ ಪಿರಮಿಡ್ಡುಗಳ ಅಡ್ಡ ಚಿತ್ರವೊಂದು ತನ್ನ ಉದ್ದ ಮುಖಪುಟದಲ್ಲಿ ಹಿಡಿಸಲೆಂದು ಎರಡು ಪಿರಮಿಡ್ಡುಗಳನ್ನು ಗಣಕಯಂತ್ರದಲ್ಲಿ ಪರಸ್ಪರ ಹತ್ತಿರಕ್ಕೆ ಸರಿಸಿತ್ತು. ಆಗಿನ್ನೂ ಫೋಟೋಶಾಪ್ ಹುಟ್ಟಿರಲಿಲ್ಲ. ನಾಲ್ಕು ಸಾವಿರ ವರ್ಷ ಅಲುಗದ ಕಲ್ಲುಗಳು ಮುಖಪುಟದ ಅಳತೆಗಾಗಿ ಅಲುಗಿದವು! ಪತ್ರಿಕೆ ಬಹುಕಾಲ ಟೀಕೆಯನ್ನು ಕೇಳಬೇಕಾಯಿತು.

ಜನವರಿಯಲ್ಲಿ ಸಂಚಿಕೆ ಬಿಡುಗಡೆಯಾಯಿತು. ಜಿಗಿದ ಹುಡುಗನ ತಂದೆ ಮುಖಪುಟವನ್ನು ದೊಡ್ಡದಾಗಿ ಮುದ್ರಿಸಿ, ಚೌಕಟ್ಟು ಹಾಕಿಸಿ ಮನೆಯ ಚಾವಡಿಯಲ್ಲಿ ತೂಗುಹಾಕಿದರು. ಅದಕ್ಕೆ ಅವರು ಯಾರ ಅನುಮತಿಯನ್ನೂ ಕೇಳಲಿಲ್ಲ. ಕೇಳಬೇಕೆಂದು ಶಾಲೆಗೂ ತೋಚಲಿಲ್ಲ. ಹಕ್ಕುಸ್ವಾಮ್ಯ ಅಧಿನಿಯಮ, 1957ರ ಪ್ರಕಾರ ಛಾಯಾಚಿತ್ರದ ಕರ್ತೃ ಅದನ್ನು ತೆಗೆದ ವ್ಯಕ್ತಿ. ಕ್ಯಾಮೆರಾ ಯಾರದು ಎಂಬುದನ್ನು ಕಾನೂನು ಕೇಳುವುದಿಲ್ಲ. ವಿದ್ಯಾರ್ಥಿನಿ ಶಾಲೆಯ ನೌಕರಳಲ್ಲ, ಹಣ ಕೊಟ್ಟು ಯಾರೂ ಚಿತ್ರ ತೆಗೆಸಿಯೂ ಇಲ್ಲ. ಆದ್ದರಿಂದ ಆ ಜಿಗಿತದ ಚಿತ್ರದ ಮೊದಲ ಒಡತಿ ಹದಿನಾಲ್ಕು ವರ್ಷದ ಆ ಹುಡುಗಿಯೇ. ಅವಳ ಜೀವಿತಾವಧಿಯೂ ಅದರ ಮೇಲೆ 60 ವರ್ಷಗಳೂ ಆ ಹಕ್ಕು ಉಳಿಯುತ್ತದೆ. ಪೋಷಕರು ಇದನ್ನು ಒಮ್ಮೆ ಮಕ್ಕಳಿಗೆ ಓದಿ ಹೇಳಿದರೆ ಕೆಡುಕೇನೂ ಇಲ್ಲ. ಹಾಗೆಯೇ, ಚಿತ್ರದೊಳಗಿರುವ ಇನ್ನೊಂದು ಮಗುವಿನ ಮುಖವನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸುವ ಮುನ್ನ ಆ ಮನೆಯವರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯುವ ಅಭ್ಯಾಸವೂ ಶಾಲೆಗಳಿಗೆ ಬರಬೇಕಾಗಿದೆ. ಈ ಪ್ರಕರಣದಲ್ಲಿ ತಂದೆ ಸಂತೋಷಪಟ್ಟರು, ಮಾತು ಅಲ್ಲಿಗೇ ಮುಗಿಯಿತು.

ಆದರೆ ಆ ತಂದೆಯೇ ಗೋಡೆಯ ಕೆಳಬದಿಯ ನೆರೆಮನೆಯವರು.

ಅವರು ಮನೆ ವಿಸ್ತರಿಸಲೆಂದು ಓಣಂ ರಜೆಯಲ್ಲಿ ಜೆಸಿಬಿ ತರಿಸಿ ಗೋಡೆಯ ಬುಡದವರೆಗೂ ಮಣ್ಣು ತೆಗೆಸಿದ್ದರು. ಗೋಡೆ ಸಡಿಲವಾದದ್ದು ಅದರಿಂದಲೇ ಎಂದು ರಕ್ಷಕ-ಶಿಕ್ಷಕ ಸಂಘ ಆಗಲೇ ಬಾಯಿಮಾತಿನಲ್ಲಿ ಹೇಳಿತ್ತು. ಬಾಯಿಮಾತು ಗಾಳಿಮಾತಾಯಿತು. ಒಂದು ಕಾಗದ ಬರೆದು ರಸೀದಿ ಪಡೆದಿದ್ದರೆ ಮುಂದಿನ ಕಥೆ ಅರ್ಧಕ್ಕರ್ಧ ಬೇಕಿರಲಿಲ್ಲ. ನೆಲಕ್ಕೆ ಪಕ್ಕದ ನೆಲದ ಸಹಜ ಆಸರೆ ದೊರೆಯಬೇಕೆಂಬುದನ್ನು 1882ರ ಈಸ್‌ಮೆಂಟ್ ಕಾಯ್ದೆಯ 7ನೆಯ ಕಲಮು ಭೂಮಾಲಿಕನ ಹಕ್ಕುಗಳಲ್ಲಿ ಒಂದಾಗಿ ಗುರುತಿಸುತ್ತದೆ. ನೆಲದ ಮೇಲೆ ಗೋಡೆಯ ಭಾರವೂ ಸೇರಿದಾಗ ವಾದ ತೊಡಕಾಗುತ್ತದೆ. ಏನಿದ್ದರೂ ಮಣ್ಣು ತೆಗೆದ ಕೂಡಲೇ ಗೋಡೆ ಬಿರಿದಿತ್ತೆಂದು ತೋರಿಸುವುದು ಶಾಲೆಯ ಮೇಲಿನ ಹೊಣೆ.

ಮಾತುಕತೆಗೆ ಕುಳಿತ ದಿನ ನೆರೆಯವರು ಚಾವಡಿಯ ಚೌಕಟ್ಟನ್ನೇ ಕಂಕುಳಲ್ಲಿ ಇರಿಸಿಕೊಂಡು ಬಂದರು. ಮಣ್ಣು ತೆಗೆದದ್ದು ಓಣಂ ರಜೆಯಲ್ಲಿ, ಕ್ರೀಡೋತ್ಸವ ನಡೆದದ್ದು ಅಕ್ಟೋಬರ್‌ನಲ್ಲಿ. ಶಾಲೆಯೇ ಪ್ರಕಟಿಸಿದ ಚಿತ್ರದಲ್ಲಿ ಗೋಡೆ ಕೂದಲೆಳೆಯ ಬಿರುಕೂ ಇಲ್ಲದೆ ನಿಂತಿದೆ. ಹಾಗಾದರೆ ಬಿದ್ದದ್ದು ಮಳೆಗೆ ಎಂಬುದು ಅವರ ವಾದ. ಅವರು ಸುಳ್ಳು ಹೇಳುತ್ತಿರಲಿಲ್ಲ. ಆರು ತಿಂಗಳು ದಿನಾ ಕಣ್ಣೆದುರಿದ್ದ ಚಿತ್ರವನ್ನು ನಂಬಿದ್ದರು, ಅಷ್ಟೆ.

ಚಿತ್ರ ತಿದ್ದಿದ್ದೆಂದು ಶಾಲೆಯವರು ಹೇಳಿದಾಗ ಮಾತು ಇನ್ನೊಂದು ದಿಕ್ಕಿಗೆ ಹೊರಳಿತು. ‘ಹಾಗಾದರೆ ಇದು ನಕಲಿ ದಾಖಲೆ, ಮಾಡಿದವರ ಮೇಲೆ ಕೇಸು ಹಾಕಬಹುದು’ ಎಂದು ಸಭೆಯಲ್ಲಿದ್ದ ಯಾರೋ ತಿಳಿದವರಂತೆ ನುಡಿದರು. ಆ ಮಾತು ಸಂಜೆಯೊಳಗೆ ಹುಡುಗಿಯ ಮನೆ ತಲುಪಿತು. ಮರುದಿನದಿಂದ ಅವಳು ಪ್ರಯೋಗಾಲಯಕ್ಕೆ ಬರಲಿಲ್ಲ. ಅಪ್ಪ ಕೂಲಿಗೆ ಹೋಗುವವರು; ಮಗಳ ಹೆಸರು ಪೋಲೀಸ್ ಠಾಣೆಯಲ್ಲಿ ಬರುತ್ತದೆಯೇ ಎಂದು ಕೇಳಲು ಕೆಲಸ ಬಿಟ್ಟು ಶಾಲೆಗೆ ಬಂದು, ಕಚೇರಿಯ ಜಗಲಿಯಲ್ಲಿ ಮಧ್ಯಾಹ್ನದವರೆಗೆ ನಿಂತಿದ್ದರು. ಕ್ಯಾಮೆರಾ ಹಿಡಿದ ಮಗಳ ಬಗ್ಗೆ ಊರಿಗೆಲ್ಲ ಹೇಳಿಕೊಂಡು ತಿರುಗಿದ್ದ ಮನುಷ್ಯ ಅವರು.

ಅವರಿಗೆ ಸಿಕ್ಕ ಉತ್ತರ ಕಾನೂನಿನ ಉತ್ತರವೇ. ಭಾರತೀಯ ನ್ಯಾಯ ಸಂಹಿತೆಯ 335ನೆಯ ಕಲಮಿನಂತೆ ಸುಳ್ಳು ದಾಖಲೆಯನ್ನೋ ಸುಳ್ಳು ವಿದ್ಯುನ್ಮಾನ ದಾಖಲೆಯನ್ನೋ ಸೃಷ್ಟಿಸಿದನೆನ್ನಲು ಅಪ್ರಾಮಾಣಿಕತೆ ಅಥವಾ ವಂಚನೆಯ ಮನಸ್ಸು ಇರಬೇಕು. ಮುಖಪುಟ ಚೆಂದ ಕಾಣಲೆಂದು ಗೆರೆ ಅಳಿಸಿದ ಮಗುವಿನಲ್ಲಿ ಅಂತಹ ಮನಸ್ಸನ್ನು ಯಾವ ನ್ಯಾಯಾಲಯವೂ ಕಾಣಲಾರದು. ‘ಹೆದರುವುದು ಬೇಡ, ಮಗಳನ್ನು ನಾಳೆ ಕಳುಹಿಸಿ, ಅವಳಿಂದ ಒಂದು ಕೆಲಸ ಆಗಬೇಕಾಗಿದೆ’ ಎಂದರು ಶಿಕ್ಷಕಿ.

ಕೆಲಸವೆಂದರೆ ಮೂಲ ಚಿತ್ರವನ್ನು ಹುಡುಕುವುದು. ಕ್ಯಾಮೆರಾದ ಮೆಮೊರಿ ಕಾರ್ಡನ್ನು ಮುಂದಿನ ತಂಡದ ಮಕ್ಕಳು ಎಪ್ರಿಲ್‌ನಲ್ಲಿಯೇ ಫಾರ್ಮ್ಯಾಟ್ ಮಾಡಿ, ಅದರ ಮೇಲೆ ನೂರಾರು ಚಿತ್ರ ತೆಗೆದಿದ್ದರು. ಲ್ಯಾಪ್‌ಟಾಪಿಗೆ ಇಳಿಸಿದ್ದ ಪ್ರತಿಯೂ ಜಾಗ ಸಾಲದೆ ಅಳಿದಿತ್ತು. ಮುಖಪುಟದ ಜೆಪೆಗ್ ಕಡತದಲ್ಲಿ ಗೋಡೆ ಎಂದಿನಂತೆ ನಿಷ್ಕಳಂಕ. ಎರಡು ದಿನ ಎಲ್ಲ ಲ್ಯಾಪ್‌ಟಾಪುಗಳನ್ನು ಜಾಲಾಡಿದ ಮೇಲೆ, ಕೀಬೋರ್ಡಿನ ನಾಲ್ಕು ಕೀಲಿ ಕಿತ್ತುಹೋಗಿ ಮೂಲೆಗೆ ಸೇರಿದ್ದ ಒಂದರಲ್ಲಿ ‘ಮುಖಪುಟ_ಕೊನೆಯದು_ಇದೇ_ಕೊನೆ’ ಎಂಬ ಹೆಸರಿನ ಕಡತ ಸಿಕ್ಕಿತು.

ಅದು ಜಿಂಪ್‌ನ ಸ್ವಂತ ರೂಪವಾದ ಎಕ್ಸ್‌ಸಿಎಫ್ ಕಡತ. 2012ರಲ್ಲಿ ಬಂದ 2.8ನೆಯ ಆವೃತ್ತಿಯಿಂದೀಚೆಗೆ ಜಿಂಪ್‌ನಲ್ಲಿ ‘ಸೇವ್’ ಎಂದರೆ ಪದರಗಳ ಸಮೇತ ಈ ರೂಪದಲ್ಲಿ ಉಳಿಯುತ್ತದೆ. ಜೆಪೆಗ್ ಬೇಕಾದರೆ ಬೇರೆಯೇ ಆಗಿ ‘ಎಕ್ಸ್‌ಪೋರ್ಟ್’ ಎನ್ನಬೇಕು. ಹೊಸಬರಿಗೆಲ್ಲ ಇದು ಕಿರಿಕಿರಿ. ಆ ಕಿರಿಕಿರಿಯೇ ಇಲ್ಲಿ ಕಾಪಾಡಿತು. ಕಡತದಲ್ಲಿ ಎರಡು ಪದರಗಳಿದ್ದವು. ಹುಡುಗಿ ಮೇಲಿನ ಪದರದ ಕಣ್ಣಿನ ಗುರುತನ್ನು ಒತ್ತಿ ಮರೆಮಾಡಿದಳು. ಕೆಳಗೆ ಬಿರುಕು ಇದ್ದಲ್ಲಿಯೇ ಇತ್ತು, ಮೆಟ್ಟಿಲು ಮೆಟ್ಟಿಲಾಗಿ. ಪುಟ ಜೋಡಿಸುವಾಗ ಕತ್ತರಿಸಿದ್ದ ಬಲ ಅಂಚೂ ಇಲ್ಲಿ ಇಡಿಯಾಗಿ ಉಳಿದಿತ್ತು.

ಆ ಅಂಚು ಎಷ್ಟು ಮುಖ್ಯವೆಂಬುದು ಆಮೇಲೆ ತಿಳಿಯಿತು. ಡಿಜಿಟಲ್ ಚಿತ್ರದೊಡನೆ ಶಟರ್ ವೇಗ, ದ್ಯುತಿರಂಧ್ರ, ದಿನಾಂಕ ಮೊದಲಾದ ವಿವರಗಳು ಎಕ್ಸಿಫ್ ಎಂಬ ಟಿಪ್ಪಣಿಯಾಗಿ ಸೇರಿರುತ್ತವೆ. ಅದನ್ನು ತೆರೆದು ನೋಡಿದರೆ ದಿನಾಂಕ 2017ರ ಜನವರಿ 1! ಬ್ಯಾಟರಿ ತೆಗೆದು ತಿಂಗಳುಗಟ್ಟಲೆ ಕಪಾಟಿನಲ್ಲಿಟ್ಟ ಕ್ಯಾಮೆರಾದ ಗಡಿಯಾರ ಮೊದಲಿಗೆ ಮರಳಿತ್ತು. ಅದನ್ನು ಯಾರೂ ಸರಿಪಡಿಸಿರಲಿಲ್ಲ. ಗಡಿಯಾರದ ಸುಳ್ಳನ್ನು ತುಂಬಿಕೊಟ್ಟದ್ದು ಬಲ ಅಂಚಿನ ಬಟ್ಟೆಯ ಬ್ಯಾನರ್. ಅದರ ಮೇಲೆ ಕ್ರೀಡೋತ್ಸವದ ವರ್ಷ ಮತ್ತು ತಾರೀಕು ದಪ್ಪ ಕನ್ನಡ ಅಕ್ಷರಗಳಲ್ಲಿದ್ದವು.

ವಿಷಯ ನ್ಯಾಯಾಲಯಕ್ಕೆ ಹೋಗಿದ್ದರೆ ಇಷ್ಟೂ ಸಾಲುತ್ತಿರಲಿಲ್ಲ. ವಿದ್ಯುನ್ಮಾನ ದಾಖಲೆಯ ಪ್ರತಿಯನ್ನು ಪುರಾವೆಯಾಗಿ ಹಾಜರುಪಡಿಸಲು ಪ್ರಮಾಣಪತ್ರ ಬೇಕೆಂಬುದನ್ನು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ, ಕೇರಳದ ಏರನಾಡು ಕ್ಷೇತ್ರದ ಚುನಾವಣಾ ತಕರಾರಿನಿಂದ ಬಂದ ಪಿ.ವಿ. ಅನ್ವರ್ ಪ್ರಕರಣದಲ್ಲಿ ಖಚಿತಪಡಿಸಿತು. ಅಲ್ಲಿ ಪ್ರಶ್ನೆಗೊಳಗಾದದ್ದು ಪ್ರಚಾರದ ಹಾಡು, ಘೋಷಣೆಗಳ ಸಿ.ಡಿ.ಗಳು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮು ಇದನ್ನು ಇನ್ನಷ್ಟು ಬಿಗಿಗೊಳಿಸಿದೆ. ಪ್ರಮಾಣಪತ್ರದ ಒಂದು ಭಾಗಕ್ಕೆ ಹಾಜರುಪಡಿಸುವವರೂ ಇನ್ನೊಂದಕ್ಕೆ ತಜ್ಞರೂ ಸಹಿ ಹಾಕಬೇಕು. ಕಡತದ ಹ್ಯಾಷ್ ಮೌಲ್ಯವನ್ನು ಬರೆಯಬೇಕು. ಹ್ಯಾಷ್ ಎಂದರೆ ಕಡತದಿಂದ ಲೆಕ್ಕ ಹಾಕಿ ತೆಗೆದ ಒಂದು ಉದ್ದ ಸಂಕೇತ. ಚಿತ್ರದ ಒಂದು ಚುಕ್ಕೆ ಬದಲಾದರೂ ಅದು ಪೂರ್ತಿ ಬೇರೆಯಾಗುತ್ತದೆ. ಶಾಲೆಯ ಲ್ಯಾಪ್‌ಟಾಪಿನಲ್ಲಿ ಒಂದೇ ಸಾಲಿನ ಆದೇಶ ಕೊಟ್ಟು ಇದನ್ನು ಪಡೆಯಬಹುದು. ಎಂಟನೆಯ ತರಗತಿಯ ಮಕ್ಕಳಿಗೂ ಕಲಿಸಬಹುದಾದಷ್ಟು ಸುಲಭ. ಅಷ್ಟೆಲ್ಲ ಆದ ಮೇಲೂ ಚಿತ್ರ ತಾನಾಗಿ ಮಾತನಾಡುವುದಿಲ್ಲ. ತೆಗೆದವರು ಬಂದು ‘ಇದನ್ನು ಇಂಥ ದಿನ ಇಲ್ಲಿ ಕುಳಿತು ನಾನು ತೆಗೆದೆ, ಇಷ್ಟನ್ನು ತಿದ್ದಿದೆ’ ಎಂದು ಹೇಳಬೇಕು.

ಹುಡುಗಿ ಅದನ್ನು ಹೇಳಿದಳು; ನ್ಯಾಯಾಲಯದ ಕಟಕಟೆಯಲ್ಲಲ್ಲ, ತಾಲೂಕು ಕಾನೂನು ಸೇವಾ ಸಮಿತಿಯ ಕೊಠಡಿಯಲ್ಲಿ. ದಾವೆ ಹೂಡುವುದಕ್ಕೆ ಮೊದಲೇ ತಕರಾರನ್ನು ಅಲ್ಲಿಗೆ ಒಯ್ಯೋಣವೆಂದು ಎರಡೂ ಕಡೆಯವರು ಒಪ್ಪಿದ್ದರು. ಪಕ್ಕದಲ್ಲಿ ಅಪ್ಪನನ್ನು ಕೂರಿಸಿಕೊಂಡು, ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು, ಮೇಲಿನ ಪದರವನ್ನು ಒಮ್ಮೆ ತೋರಿಸಿ ಒಮ್ಮೆ ಮರೆಸಿದಳು. ತಾನು ಯಾಕೆ ಅಳಿಸಿದೆನೆಂದು ಕೇಳಿದಾಗ, ‘ಚೆಂದ ಕಾಣುತ್ತಿರಲಿಲ್ಲ’ ಎಂದಳು. ನೆರೆಯವರು ಬಗ್ಗಿ ಎರಡು ಮೂರು ಸಲ ನೋಡಿದರು. ಇನ್ನೊಮ್ಮೆ ಮಾಡಿ ತೋರಿಸುವಂತೆ ಅವರೇ ಕೇಳಿದರು. ಕಲ್ಲಿನ ಸಂದುಗಳಲ್ಲಿ ಮೆಟ್ಟಿಲಿಳಿದಂತಹ ಬಿರುಕು ಸಾಮಾನ್ಯವಾಗಿ ಅಡಿಪಾಯ ಜಗ್ಗಿದ ಲಕ್ಷಣವೆಂದು ಅಲ್ಲಿದ್ದ ಇಂಜಿನಿಯರರು ವಿವರಿಸಿದರು. ಮಳೆನೀರು ಹರಿದುಹೋಗಲು ಶಾಲೆಯೂ ದಾರಿ ಬಿಟ್ಟಿರಲಿಲ್ಲವೆಂಬುದನ್ನು ವ್ಯವಸ್ಥಾಪಕರು ಒಪ್ಪಿಕೊಂಡರು. ಒಪ್ಪಿಗೆಯ ಮಾತು ಹುಟ್ಟಿದ್ದು ಅದರ ಮೇಲೆಯೇ.

ಗೋಡೆಯ ಖರ್ಚು ಅರ್ಧರ್ಧ. ನೆರೆಯವರು ತಮ್ಮ ಬದಿಯಲ್ಲಿ ಕಲ್ಲಿನ ತಡೆಗೋಡೆ ಕಟ್ಟಿಸಬೇಕು. ಶಾಲೆ ತನ್ನ ಬದಿಯಲ್ಲಿ ಚರಂಡಿ ಮಾಡಿ, ಹೊಸ ಗೋಡೆಯಲ್ಲಿ ನೀರು ಬಸಿಯುವ ಕೊಳವೆಗಳನ್ನು ಇರಿಸಬೇಕು. ಲೋಕ ಅದಾಲತ್ತಿನ ತೀರ್ಪಾಗಿ ದಾಖಲಾದದ್ದರಿಂದ ಅದಕ್ಕೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬಲವಿದೆ, ಮೇಲ್ಮನವಿ ಇಲ್ಲ. ಕ್ರಿಸ್‌ಮಸ್ ರಜೆಯೊಳಗೆ ಗೋಡೆ ಎದ್ದಿತು. ಸೈಕಲುಗಳನ್ನು ಮಾತ್ರ ಬಯಲಿನ ಮೇಲ್ಬದಿಗೆ ಸಾಗಿಸಿದ್ದಾರೆ.

ಹುಡುಗಿ ಈಗ ಹತ್ತನೆಯ ತರಗತಿ. ಎಂಟನೆಯವರಿಗೆ ಕ್ಯಾಮೆರಾ ತೋರಿಸಿಕೊಡುವ ಕೆಲಸವನ್ನು ಶಿಕ್ಷಕಿ ಅವಳಿಗೇ ಒಪ್ಪಿಸಿದ್ದಾರೆ. ಕ್ಯಾಮೆರಾ ಕೈಗೆ ಬಂದ ಕೂಡಲೇ ಚಿತ್ರ ತೆಗೆಯಲು ಅವಸರಪಡುವ ಮಕ್ಕಳನ್ನು ತಡೆದು ಅವಳು ಮೊದಲು ಗಡಿಯಾರ ಸರಿಮಾಡಿಸುತ್ತಾಳೆ. ಹೊಸ ಸಂಚಿಕೆಯ ಒಳಪುಟದಲ್ಲಿ, ಯಾವ ಚಿತ್ರದಲ್ಲಿ ಏನನ್ನು ತಿದ್ದಲಾಗಿದೆ ಎಂಬ ಸಣ್ಣಕ್ಷರದ ಪಟ್ಟಿಯೊಂದು ಸೇರಿದೆ. ಹೆಚ್ಚಿನವು ಬೆಳಕು ಹೆಚ್ಚಿಸಿದ್ದು, ಅಂಚು ಕತ್ತರಿಸಿದ್ದು. ಒಂದರಲ್ಲಿ ಮಾತ್ರ ಶಾಲೆಯ ನಾಯಿಯನ್ನು ತೆಗೆದುಹಾಕಲಾಗಿದೆ.

ನೆರೆಮನೆಯ ಚಾವಡಿಯಲ್ಲಿ ಮಗನ ಜಿಗಿತದ ಚಿತ್ರ ಮರಳಿ ತನ್ನ ಮೊಳೆಗೇರಿದೆ. ಬಿರುಕಿಲ್ಲದ ಪ್ರತಿಯೇ.